ವರ್ಷದ ಕಾಳು ಕೆಡದಂತೆ ಮಳೆಗಾಲ ದಾಟಿಸುವ ಕ್ರಮ: ಪುಣೆಯ ಫ್ಲ್ಯಾಟಿನಲ್ಲಿರುವವರಿಗೆ

ಪ್ರತಿ ವರ್ಷ ಶ್ರಾವಣ ಬರುವ ಹೊತ್ತಿಗೆ ಪುಣೆಯ ಕನ್ನಡದ ಮನೆಗಳಿಂದ ಒಂದೇ ದೂರು ಕೇಳಿಬರುತ್ತದೆ. ಬೇಸಿಗೆಯಲ್ಲಿ ಹಳ್ಳಿಗೆ ಹೋಗಿ, ರೈತರ ಕಣದಿಂದಲೇ ಜೋಳ ತಂದು, ಗೋಧಿ ತಂದು, ಡಬ್ಬಿ ತುಂಬಿಸಿ ಇಟ್ಟಿದ್ದೆವು. ಈಗ ಮುಚ್ಚಳ ತೆಗೆದರೆ ನುಸಿ ಏಳುತ್ತದೆ, ಕಾಳಿಗೆ ಕುಟ್ಟೆ ಹಿಡಿದಿದೆ, ಮುಗ್ಗಲು ವಾಸನೆ ಬರುತ್ತಿದೆ. ರೈತ ಕೆಟ್ಟ ಮಾಲು ಕೊಟ್ಟನೆಂದು ತೀರ್ಮಾನಿಸಿ ಮರುವರ್ಷ ಐದು ಕಿಲೋ ಪೊಟ್ಟಣಕ್ಕೆ ಮರಳುವವರೇ ಹೆಚ್ಚು. ನಾನು ನೋಡಿದ ಮಟ್ಟಿಗೆ ಅಲ್ಲೆಲ್ಲ ಕೆಟ್ಟಿದ್ದು ಮಾಲಲ್ಲ, ಕೆಲಸದ ಅನುಕ್ರಮ. ಮೊದಲು ಕೊಂಡು ಆಮೇಲೆ ಡಬ್ಬಿ ಹುಡುಕಿರುತ್ತಾರೆ, ಪೂರ್ತಿ ಒಣಗುವ ಮೊದಲೇ ತುಂಬಿರುತ್ತಾರೆ, ಇಲ್ಲವೇ ಒಣಗಿಸಿದ ಬಿಸಿಕಾಳನ್ನು ಹಾಗೆಯೇ ಮುಚ್ಚಿರುತ್ತಾರೆ. ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲಿಯೇ ಮಾಡಬೇಕು.

1. ಎರಡು ವಾರ ತೂಗಿ, ಆಮೇಲೆ ಲೆಕ್ಕ ಹಾಕಿ

ವರ್ಷಕ್ಕೆ ಎಷ್ಟು ಬೇಕೆಂಬುದನ್ನು ಊಹಿಸಿ ಹೇಳುವವರು ಸಾಮಾನ್ಯವಾಗಿ ಜೋಳವನ್ನು ಹೆಚ್ಚಾಗಿಯೂ ಅಕ್ಕಿಯನ್ನು ಕಡಿಮೆಯಾಗಿಯೂ ಹೇಳುತ್ತಾರೆ. ದಿನಾ ರೊಟ್ಟಿ ತಿನ್ನುತ್ತೇವೆಂಬ ನಂಬಿಕೆ ಮನೆಯ ವಾಸ್ತವಕ್ಕಿಂತ ದೊಡ್ಡದಾಗಿರುತ್ತದೆ. ಹದಿನಾಲ್ಕು ದಿನ ಅಕ್ಕಿ, ಜೋಳ, ಗೋಧಿ, ಬೇಳೆ ಪ್ರತಿಯೊಂದನ್ನೂ ತೂಗಿ ತೆಗೆದು ಬರೆದಿಡಿ. ನಾಲ್ಕು ಜನರ ನಮ್ಮ ಮನೆಯಲ್ಲಿ ತಿಂಗಳಿಗೆ ಅಕ್ಕಿ 8 ಕಿಲೋ, ಜೋಳ 6, ಗೋಧಿ 5, ತೊಗರಿ ಬೇಳೆ ಎರಡೂವರೆ ಕಿಲೋ ಬರುತ್ತದೆ. ನಿಮ್ಮದು ಬೇರೆಯಾಗಿರುತ್ತದೆ.

ಮೊದಲ ವರ್ಷ ಹನ್ನೆರಡು ತಿಂಗಳ ಕಾಳು ತರಬೇಡಿ. ಜೋಳ ಮತ್ತು ಗೋಧಿ ಆರು ತಿಂಗಳಿಗೆ, ಬೇಳೆ ನಾಲ್ಕು ತಿಂಗಳಿಗೆ ಸಾಕು. ಪಾಲಿಶ್ ಮಾಡದ ಅಕ್ಕಿಯನ್ನಂತೂ ಎರಡು ತಿಂಗಳಿಗಿಂತ ಹೆಚ್ಚು ತರಲೇಬಾರದು, ಏಕೆಂದರೆ ತೌಡಿನ ಪದರದಲ್ಲಿರುವ ಎಣ್ಣೆಯ ಅಂಶ ಬಿಸಿಲುಗಾಲದಲ್ಲಿ ಬೇಗ ಕಮಟುತ್ತದೆ.

2. ಪಾತ್ರೆ ಮತ್ತು ಜಾಗವನ್ನು ಕಾಳಿಗಿಂತ ಮೊದಲು ಸಿದ್ಧಮಾಡಿ

ಬೇಕಾದ ಸಾಮಾನು ಇಷ್ಟು: ಬಿಗಿ ಮುಚ್ಚಳದ ಡಬ್ಬಿಗಳು, ಒಂದು ಮೊರ, ಎರಡು ಅಳತೆಯ ಜರಡಿ, ಎರಡು ದಪ್ಪ ಹತ್ತಿ ಚಾದರ, ತೂಕದ ಕೊಕ್ಕೆ, ಒಂದು ಗಾಜಿನ ಬಾಟಲಿ, ಅಗಲವಾದ ಅಂಟುಪಟ್ಟಿ, ಮರದ ಹಲಗೆ.

ಮರಾಠಿಯಲ್ಲಿ ಕೋಠಿ ಎಂದು ಕರೆಯುವ ತಗಡಿನ ದೊಡ್ಡ ಪೀಪಾಯಿ ತುಳಶೀಬಾಗ ಮತ್ತು ರವಿವಾರ ಪೇಠೆಯ ಕಡೆ ಸಿಗುತ್ತದೆ. ಆದರೆ ನೂರು ಕಿಲೋ ಹಿಡಿಯುವ ಒಂದೇ ಕೋಠಿಗಿಂತ ಹತ್ತು-ಹದಿನೈದು ಕಿಲೋ ಹಿಡಿಯುವ ಐದಾರು ಡಬ್ಬಿಗಳು ಮೇಲು. ದೊಡ್ಡ ಕೋಠಿಯನ್ನು ವಾರಕ್ಕೆರಡು ಸಲ ತೆರೆದಾಗಲೆಲ್ಲ ಒಳಗಿನ ಅಷ್ಟೂ ಕಾಳಿಗೆ ಹೊಸ ಗಾಳಿ, ಹೊಸ ತೇವ ಸಿಗುತ್ತದೆ. ಚಿಕ್ಕ ಡಬ್ಬಿಯಾದರೆ ತೆರೆದದ್ದು ಒಂದೇ, ಉಳಿದವು ಮುಚ್ಚಿಯೇ ಇರುತ್ತವೆ. ಖಾಲಿಯಾದ ಎಣ್ಣೆ ಡಬ್ಬಿ ಆಗಬಹುದು, ಆದರೆ ಜಿಡ್ಡು ಪೂರ್ತಿ ಹೋಗುವಂತೆ ಬಿಸಿನೀರಿನಲ್ಲಿ ತೊಳೆದು ಎರಡು ದಿನ ಬಿಸಿಲಿಗೆ ಮಗುಚಿ ಇಟ್ಟಿರಬೇಕು. ಭೋಸರಿ, ಪಿಂಪರಿಯ ಗುಜರಿಗಳಲ್ಲಿ ಅಗ್ಗಕ್ಕೆ ಸಿಗುವ ನೀಲಿ ಪ್ಲಾಸ್ಟಿಕ್ ಪೀಪಾಯಿಗಳನ್ನು ಮಾತ್ರ ಮುಟ್ಟಬೇಡಿ. ಕಾರ್ಖಾನೆಯಲ್ಲಿ ಅದರೊಳಗೆ ಯಾವ ರಾಸಾಯನಿಕ ಇತ್ತೆಂದು ಮಾರುವವನಿಗೂ ತಿಳಿದಿರುವುದಿಲ್ಲ.

ಜಾಗದ ಬಗ್ಗೆ ಎರಡೇ ಮಾತು. ಡಬ್ಬಿ ನೆಲಕ್ಕೆ ತಾಗಬಾರದು, ಗೋಡೆಯಿಂದ ಒಂದು ಗೇಣು ದೂರವಿರಬೇಕು. ಬಚ್ಚಲಿನ ಗೋಡೆಯ ಪಕ್ಕ, ಬಾಲ್ಕನಿ, ಕೊನೆಯ ಮಹಡಿಯಾಗಿದ್ದರೆ ಅಡುಗೆಮನೆಯ ಅಟ್ಟ, ಈ ಮೂರೂ ಕಡೆ ಇಡಬಾರದು; ಅಟ್ಟ ಹಗಲು ಕಾದು ರಾತ್ರಿ ತಣಿಯುವುದರಿಂದ ಮುಚ್ಚಳದ ಒಳಗೆ ಬೆವರುತ್ತದೆ.

3. ಯಾವ ಕಾಳು, ಯಾವ ಕಡೆಯದು, ಯಾವ ತಿಂಗಳು

ಹಿಂಗಾರಿ ಜೋಳದ ರಾಶಿ ಆಗುವುದು ಫೆಬ್ರವರಿ-ಮಾರ್ಚಿನಲ್ಲಿ. ಸೊಲ್ಲಾಪುರದ ಕಡೆಯ ಮಾಲದಂಡಿ, ಅಂದರೆ ಕೃಷಿ ದಾಖಲೆಗಳಲ್ಲಿ ಎಂ 35-1 ಎಂದು ಬರೆಯುವ ತಳಿ, ರೊಟ್ಟಿಗೆ ನಂಬಬಹುದಾದದ್ದು. ಮಂಗಳವೇಢೆಯ ಜೋಳಕ್ಕೆ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಇದೆ. ನಮಗೊಂದು ಅನುಕೂಲವೂ ಇದೆ: ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ, ಮಂಗಳವೇಢೆಯ ಹಲವು ಹಳ್ಳಿಗಳಲ್ಲಿ ಒಕ್ಕಲಿನ ಮಾತು ಕನ್ನಡವೇ ಆಗಿರುವುದರಿಂದ, ಕೊಳ್ಳುವವರು ಹರುಕು ಮರಾಠಿಯಲ್ಲಿ ತೊಡರಬೇಕಾಗಿಲ್ಲ. ಮುಂಗಾರಿ ಹೈಬ್ರಿಡ್ ಜೋಳ ತೆನೆಯಲ್ಲಿದ್ದಾಗಲೇ ಮಳೆಗೆ ಸಿಕ್ಕಿ ಕಾಳಿನ ತುದಿ ಕಪ್ಪಾಗಿರುವುದುಂಟು. ಅಗ್ಗವೆಂದು ಅದನ್ನು ತಂದವರ ಡಬ್ಬಿಯೇ ಮೊದಲು ಕೆಡುತ್ತದೆ.

ಗೋಧಿ ಮಾರ್ಚ್-ಏಪ್ರಿಲ್‌ನಲ್ಲಿ, ತೊಗರಿ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ, ಕಡಲೆ ಫೆಬ್ರವರಿ-ಮಾರ್ಚಿನಲ್ಲಿ ಕಣಕ್ಕೆ ಬರುತ್ತವೆ. ಭತ್ತದ ಕೊಯ್ಲು ಅಕ್ಟೋಬರ್-ನವೆಂಬರ್‌ನಲ್ಲಿ. ಮಾವಳದ ಇಂದ್ರಾಯಣಿ ಅಕ್ಕಿ 1987ರಲ್ಲಿ ವಡಗಾಂವ ಮಾವಳದ ಸಂಶೋಧನಾ ಕೇಂದ್ರದಿಂದ ಬಂದ ತಳಿ; ಆಂಬೆಮೋಹರ ಮುಳಶಿ, ಭೋರ್ ಕಡೆಯ ಹಳೆಯ ಗಿಡ್ಡಕಾಳಿನ ಸುವಾಸನೆಯ ಅಕ್ಕಿ. ಆಂಬೆಮೋಹರದ ಇಳುವರಿ ಕಡಿಮೆ, ಗಿರಣಿಯಲ್ಲಿ ನುಚ್ಚಾಗುವುದು ಹೆಚ್ಚು. ಆದ್ದರಿಂದ ಅಂಗಡಿಯಲ್ಲಿ ಒಂದು ಮುರುಕೂ ಇಲ್ಲದ, ಅಗ್ಗದ ಆಂಬೆಮೋಹರ ಕಂಡರೆ ಸ್ವಲ್ಪ ಸಂಶಯಪಡುವುದು ಒಳ್ಳೆಯದು. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ. ರೈತರ ಬಳಿ ಕಳೆದ ಸಾಲಿನ ಭತ್ತವಿದ್ದರೆ ಅದನ್ನೇ ಮಿಲ್ಲಿಗೆ ಹಾಕಿಸಿಕೊಳ್ಳಿ.

ಪರಿಚಯದ ರೈತರಿಲ್ಲದವರು ನಗರದಲ್ಲಿಯೇ ನಡೆಯುವ ವಾರದ ರೈತ ಸಂತೆಗಳಿಂದ ಆರಂಭಿಸಬಹುದು. ಅಲ್ಲಿ ತರಕಾರಿ ತಂದವರಲ್ಲಿ ಮನೆಯ ಜೋಳ, ಮನೆಯ ಅಕ್ಕಿ ಇಟ್ಟುಕೊಂಡವರು ಇದ್ದೇ ಇರುತ್ತಾರೆ. ಕೇಳಬೇಕಾದ ಎರಡು ಪ್ರಶ್ನೆಗಳನ್ನು ಮರಾಠಿಯಲ್ಲಿಯೇ ಕಲಿತಿರಿ: "ಯಂದಾಚಂ ಕೀ ಗೇಲ್ಯಾ ವರ್ಷಾಚಂ?" ಅಂದರೆ ಈ ಸಾಲಿನದೋ ಕಳೆದ ವರ್ಷದ್ದೋ, "ಪಾವ್ಸಾತ್ ಭಿಜಲಂ ಹೋತಂ ಕಾ?" ಅಂದರೆ ಮಳೆಯಲ್ಲಿ ನೆನೆದಿತ್ತೇ. ಎರಡನೆಯ ಪ್ರಶ್ನೆಗೆ ರೈತರು ಸಾಮಾನ್ಯವಾಗಿ ನಿಜವನ್ನೇ ಹೇಳುತ್ತಾರೆ. ಕೇಳುವವರೇ ಇರುವುದಿಲ್ಲ.

4. ಮೊದಲು ಎರಡು ಕಿಲೋ ತನ್ನಿ

ಚೀಲದ ಬಾಯಿಂದಷ್ಟೇ ಅಲ್ಲ, ನಡುವಿನಿಂದಲೂ ತಳದಿಂದಲೂ ತೆಗೆಸಿದ ಎರಡು ಕಿಲೋ ಮಾದರಿಯನ್ನು ತಂದು ನಾಲ್ಕು ಪರೀಕ್ಷೆ ಮಾಡಿ.

ಬಿಳಿ ಬಟ್ಟೆಯ ಮೇಲೆ ಒಂದು ಹಿಡಿ ಹರಡಿ ತೂತು ಬಿದ್ದ ಕಾಳು, ಕಪ್ಪು ತುದಿ, ಮಣ್ಣು ನೋಡಿ. ಹೆಸರು, ಅಲಸಂದೆ, ಕಡಲೆಯಂಥ ಇಡಿಕಾಳಿನ ಮೈಮೇಲೆ ಬಿಳಿ ಚುಕ್ಕೆಗಳು ಅಂಟಿದ್ದರೆ ಅವು ಹುಳದ ಮೊಟ್ಟೆಗಳು. ಬೇಳೆಕಾಳಿನ ಹುಳ ಹೊಲದಲ್ಲಿಯೇ ಹತ್ತಿ ಬರುವುದರಿಂದ, ಅದಕ್ಕೆ ನಿಮ್ಮ ಅಡುಗೆಮನೆಯೂ ಕಾರಣವಲ್ಲ, ರೈತನ ಸೋಮಾರಿತನವೂ ಕಾರಣವಲ್ಲ. ಮುಂದೆ ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ: ಕಟ್ಟೆಂದು ಮುರಿಯಬೇಕು, ಹಲ್ಲಿಗೆ ಮೆತ್ತಿಕೊಂಡರೆ ಹಸಿ ಇದೆ ಎಂದರ್ಥ.

ಮೂರನೆಯದು ಉಪ್ಪಿನ ಪರೀಕ್ಷೆ. ಪುಡಿ ಉಪ್ಪನ್ನು ಬಾಣಲೆಯಲ್ಲಿ ಬಿಸಿಮಾಡಿ ಪೂರ್ತಿ ಒಣಗಿಸಿ ಆರಿಸಿ. ಒಣಗಿದ ಗಾಜಿನ ಬಾಟಲಿಯ ಮೂರನೆಯ ಒಂದು ಭಾಗದಷ್ಟು ಕಾಳು ತುಂಬಿ, ಎರಡು ಚಮಚ ಉಪ್ಪು ಹಾಕಿ, ಮುಚ್ಚಿ ಎರಡು-ಮೂರು ನಿಮಿಷ ಅಲುಗಾಡಿಸಿ ಕಾಲು ಗಂಟೆ ಬಿಡಿ. ಉಪ್ಪು ಗಾಜಿನ ಒಳಮೈಗೆ ಅಂಟಿದರೆ ತೇವಾಂಶ 15 ಪ್ರತಿಶತಕ್ಕಿಂತ ಹೆಚ್ಚಿದೆ. ಅಂಟದಿದ್ದರೆ ಗೆದ್ದೆವೆಂದು ತಿಳಿಯುವುದೇ ಇಲ್ಲಿನ ದೊಡ್ಡ ತಪ್ಪು. ದೀರ್ಘ ಸಂಗ್ರಹಕ್ಕೆ ಧಾನ್ಯದಲ್ಲಿ ಸುಮಾರು 12 ಪ್ರತಿಶತ, ಬೇಳೆಕಾಳಿನಲ್ಲಿ 10 ಪ್ರತಿಶತ ತೇವ ಮಾತ್ರ ಇರಬೇಕಾದ್ದರಿಂದ, ಪರೀಕ್ಷೆಯಲ್ಲಿ ಪಾಸಾದ ಕಾಳನ್ನೂ ಒಣಗಿಸಲೇಬೇಕು.

ಕೊನೆಯದಾಗಿ ಒಂದು ಕಿಲೋ ಬೀಸಿಸಿ ರೊಟ್ಟಿ ಬಡಿದು ನೋಡಿ, ಉಳಿದುದನ್ನು ಬಾಟಲಿಯಲ್ಲಿ ಮುಚ್ಚಿ ಒಂದು ತಿಂಗಳು ಇಡಿ. ಸೊಂಡಿಲಿನ ಹುಳ ಕಾಳನ್ನು ಕೊರೆದು ಒಳಗೇ ಮೊಟ್ಟೆಯಿಟ್ಟು ಮೇಲೆ ಬಾಯಿ ಮುಚ್ಚಿಬಿಡುತ್ತದೆ. ನೋಡಲು ಕಾಳು ಚೊಕ್ಕವಾಗಿಯೇ ಕಾಣುತ್ತದೆ. ಬೆಚ್ಚಗಿನ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ಅದು ಹೊರಬರುತ್ತದೆ. ಬಾಟಲಿ ಇದನ್ನು ಮೊದಲೇ ತೋರಿಸಿಕೊಡುತ್ತದೆ.

5. ತೂಕ, ಬೆಲೆ, ಸಾಗಾಟ

ಹಳ್ಳಿಯಲ್ಲಿ ಪಾಯಲಿ, ಕಟ್ಟಾ, ಪೋತೆ ಎಂಬ ಮಾತುಗಳು ಬರುತ್ತವೆ. ಪಾಯಲಿ ಎಂಬುದು ತೂಕವಲ್ಲ, ಅಳತೆ. ಕಾಳು ಬದಲಾದಂತೆ, ಊರು ಬದಲಾದಂತೆ ಅದರ ತೂಕವೂ ಬದಲಾಗುತ್ತದೆ. ಕಟ್ಟಾ, ಪೋತೆ ಎಂದರೆ ಚೀಲ; ಕಟ್ಟಾ ಒಂದು ಕಡೆ 30 ಕಿಲೋ, ಇನ್ನೊಂದು ಕಡೆ 50. ನಾನು ಮೊದಲ ಸಲ ಪಾಯಲಿಯ ಲೆಕ್ಕಕ್ಕೆ ಒಪ್ಪಿ, ಮನೆಗೆ ಬಂದು ತೂಗಿ, ಮೋಸವಾಯಿತೆಂದು ಇಡೀ ಸಂಜೆ ಮುಖ ಗಂಟಿಕ್ಕಿಕೊಂಡು ಕೂತಿದ್ದೆ. ಮೋಸ ಆಗಿರಲಿಲ್ಲ, ನನಗೆ ಅಳತೆ ಗೊತ್ತಿರಲಿಲ್ಲ. ಬೆಲೆಯನ್ನು ಕಿಲೋಗೇ ಮಾತಾಡಿ, ಬಾರದಾನದ, ಅಂದರೆ ಖಾಲಿ ಚೀಲದ, ತೂಕ ಕಳೆದು ತೂಗಬೇಕೆಂಬುದನ್ನು ಮತ್ತು ಹಮಾಲಿ, ಟೆಂಪೊ ಬಾಡಿಗೆ ಯಾರದೆಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ.

ಅಡತಿ ಅಂಗಡಿಯ, ಅಂದರೆ ಮಾರುಕಟ್ಟೆಯ ದಲಾಲರ, ಆ ದಿನದ ದರವನ್ನೇ ಹಿಡಿದು ಚೌಕಾಸಿಗೆ ಕೂರುವುದು ತರವಲ್ಲ. ರೈತ ನಿಮಗಾಗಿ ಒಂದು ದಿನ ಹೆಚ್ಚು ಒಣಗಿಸಿ, ಹಸನು ಮಾಡಿ, ಚಿಕ್ಕ ಚೀಲಗಳಲ್ಲಿ ತುಂಬಿಕೊಡುತ್ತಿದ್ದಾನೆ. ಒಂದೇ ವಸತಿಯ ನಾಲ್ಕೈದು ಮನೆಯವರು ಸೇರಿದರೆ ಟೆಂಪೊ ಬಾಡಿಗೆ ಹಗುರಾಗುತ್ತದೆ. ಟೆಂಪೊದಲ್ಲಿ ತಾಡಪತ್ರೆ ಇದೆಯೇ ಎಂದು ಕೇಳಿ. ಮೇ ತಿಂಗಳ ಸಂಜೆಯ ಒಂದು ಸುರಿತಕ್ಕೆ ಅಷ್ಟೂ ಕಾಳು ನೆನೆಯಬಹುದು.

6. ಬಂದ ದಿನವೇ ಹಸನು ಮಾಡಿ

ಚೀಲವನ್ನು ಅಡುಗೆಮನೆಯೊಳಗೆ ತರಬೇಡಿ. ಗೋಣಿಯ ಹೊಲಿಗೆಯಲ್ಲಿ ಹಳೆಯ ಹುಳ ಅಡಗಿರುತ್ತದೆ. ಟೆರೇಸಿನಲ್ಲಿಯೇ ಸುರಿದು, ದೊಡ್ಡ ಕಣ್ಣಿನ ಜರಡಿಯಲ್ಲಿ ಕಡ್ಡಿ-ಕಲ್ಲು ತೆಗೆದು, ಸಣ್ಣ ಜರಡಿಯಲ್ಲಿ ಮಣ್ಣು-ನುಚ್ಚು ಇಳಿಸಿ, ಕೊನೆಗೆ ಮೊರದಲ್ಲಿ ಕೇರಿ. ನುಚ್ಚು ಮತ್ತು ಹಿಟ್ಟಿನಂಥ ಧೂಳು ಉಳಿದಷ್ಟೂ ಕೆಂಪು ಹಿಟ್ಟುಹುಳಕ್ಕೆ ಹಬ್ಬ, ಏಕೆಂದರೆ ಅದು ಇಡಿಕಾಳನ್ನು ಸುಲಭವಾಗಿ ಕೊರೆಯಲಾರದು, ಮುರಿದದ್ದನ್ನೇ ತಿಂದು ಬೆಳೆಯುತ್ತದೆ.

7. ಒಣಗಿಸಿ, ಆಮೇಲೆ ಆರಿಸಿ

ಇದು ಇಡೀ ಕೆಲಸದ ನಡುಗಂಬ. ಜೋಳ, ಗೋಧಿ, ಕಡಲೆ, ತೊಗರಿಯನ್ನು ಹತ್ತಿ ಚಾದರದ ಮೇಲೆ ಎರಡು ಬೆರಳಿಗಿಂತ ದಪ್ಪವಾಗದಂತೆ ಹರಡಿ, ಗಂಟೆಗೊಮ್ಮೆ ಕೈಯಾಡಿಸುತ್ತ, ಬೆಳಗಿನ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಎರಡು-ಮೂರು ದಿನ ಒಣಗಿಸಿ. ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿದರೆ ಅಡಿಯಲ್ಲಿ ತೇವ ನಿಲ್ಲುತ್ತದೆ. ಮೂರರ ನಂತರ ಬಿಡಬೇಡಿ: ಪುಣೆಯಲ್ಲಿ ವಳೀವ್ ಎಂದು ಕರೆಯುವ, ಮುಂಗಾರಿಗೆ ಮೊದಲಿನ ಏಪ್ರಿಲ್-ಮೇ ತಿಂಗಳ ಮಳೆ ಬಹುಪಾಲು ಇಳಿಹೊತ್ತಿನಲ್ಲಿಯೇ ಗುಡುಗಿನೊಂದಿಗೆ ಬಂದು ಹತ್ತು ನಿಮಿಷದ ಸಮಯವನ್ನೂ ಕೊಡುವುದಿಲ್ಲ.

ಅಕ್ಕಿಯನ್ನು ಬಿಸಿಲಿಗೆ ಹಾಕಲೇಬೇಡಿ. ನೇರ ಬಿಸಿಲಿಗೆ ಅಕ್ಕಿಯ ಕಾಳು ಸೀಳಿ, ಬೇಯಿಸುವಾಗ ನುಚ್ಚಿನ ಗಂಜಿಯಂತಾಗುತ್ತದೆ. ಒಳಕೋಣೆಯಲ್ಲಿ ಫ್ಯಾನಿನ ಕೆಳಗೆ ಎರಡು ದಿನ ಹರಡಿದರೆ ಸಾಕು.

ಒಣಗಿದ ಮೇಲೆ ಎಲ್ಲರೂ ಎಡವುವ ಜಾಗ ಬರುತ್ತದೆ. ಟೆರೇಸಿನಿಂದ ತಂದ ಕಾಳು ಕೈಗೆ ಬಿಸಿಯಾಗಿರುತ್ತದೆ, ಆ ಬಿಸಿಗೆ ಹುಳ ಸಾಯುತ್ತದೆಂದು ಹಾಗೆಯೇ ಡಬ್ಬಿಗೆ ಸುರಿದು ಮುಚ್ಚುತ್ತಾರೆ. ನಾನೂ ಒಂದು ಮೇ ತಿಂಗಳ ಸಂಜೆ 15 ಕಿಲೋ ಗೋಧಿಯನ್ನು ಹೀಗೆಯೇ ಮುಚ್ಚಿದೆ. ಆಗಸ್ಟಿನಲ್ಲಿ ತೆರೆದಾಗ ಮೇಲಿನ ನಾಲ್ಕು ಬೆರಳು ಪದರ ಹಸಿರು ಬೂಷ್ಟು ಹಿಡಿದು ಒಂದೇ ಗಡ್ಡೆಯಾಗಿತ್ತು. ಬಿಸಿಕಾಳಿನಿಂದ ಎದ್ದ ಆವಿ ತಣ್ಣಗಿನ ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ಕಾಳಿನ ಮೇಲೆಯೇ ಬಿದ್ದಿತ್ತು. ಒಣಗಿದ ಕಾಳನ್ನು ಮನೆಯೊಳಗೆ ಚಾದರದ ಮೇಲೆ ಹರಡಿ, ಕೈಗೆ ತಣ್ಣಗಾಗುವವರೆಗೆ, ಸಾಮಾನ್ಯವಾಗಿ ಮೂರು-ನಾಲ್ಕು ಗಂಟೆ, ಬಿಟ್ಟು ಅದೇ ರಾತ್ರಿ ತುಂಬಬೇಕು. ಮರುದಿನಕ್ಕೆ ಬಿಟ್ಟರೆ ರಾತ್ರಿಯ ತೇವವನ್ನು ಕಾಳು ಮತ್ತೆ ಎಳೆದುಕೊಳ್ಳುತ್ತದೆ.

ಈ ಹಂತ ಮೇ 20ರೊಳಗೆ ಮುಗಿಯಲಿ. ಜೂನ್ ಮೊದಲ ವಾರದವರೆಗೆ ಸಮಯವಿದೆಯೆಂದು ನಂಬಿದವರಿಗೆ 2025ರಲ್ಲಿ ಮುಂಗಾರು ಮೇ 26ಕ್ಕೇ ಮುಂಬೈ, ಪುಣೆ ಮುಟ್ಟಿ ಪಾಠ ಕಲಿಸಿತು.

8. ತುಂಬಿ ಮುಚ್ಚುವಾಗ ಏನು ಹಾಕಬೇಕು, ಏನು ಹಾಕಬಾರದು

ಡಬ್ಬಿಯನ್ನು ಕಂಠದವರೆಗೆ ತುಂಬಿ, ಕುಲುಕಿ ಮತ್ತೆ ತುಂಬಿ, ಮುಚ್ಚಳದ ಸಂದಿಗೆ ಸುತ್ತಲೂ ಅಂಟುಪಟ್ಟಿ ಹಚ್ಚಿ. ಒಳಗೆ ಗಾಳಿ ಕಡಿಮೆಯಿದ್ದಷ್ಟೂ ಉಳಿದ ಹುಳಗಳು ಇರುವ ಆಮ್ಲಜನಕವನ್ನು ಬೇಗ ಮುಗಿಸಿಕೊಂಡು ತಾವೇ ಸಾಯುತ್ತವೆ. ವಿಜಯಪುರದ ಕಡೆಯ ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಕಣಜ, ಕೆಲಸ ಮಾಡುತ್ತಿದ್ದುದೂ ಇದೇ ತತ್ತ್ವದ ಮೇಲೆ. ಹಗೇವಿನ ಬಾಯಿ ತೆಗೆದೊಡನೆ ಒಳಗೆ ಇಳಿಯಬಾರದೆಂದು ಹಿರಿಯರು ತಡೆಯುತ್ತಿದ್ದುದು ಅದರೊಳಗೆ ಉಸಿರಾಡುವ ಗಾಳಿ ಇರುವುದಿಲ್ಲವೆಂದೇ. ಡಬ್ಬಿಯೊಳಗೆ ಮೇಣದಬತ್ತಿ ಹಚ್ಚಿ ಮುಚ್ಚಿದರೆ ಗಾಳಿ ಪೂರ್ತಿ ಮುಗಿಯುತ್ತದೆಂಬುದು ತಪ್ಪು ಎಣಿಕೆ: ಆಮ್ಲಜನಕ ಬಹಳಷ್ಟು ಉಳಿದಿರುವಾಗಲೇ ಬತ್ತಿ ಆರಿಹೋಗುತ್ತದೆ.

ನೆರಳಲ್ಲಿ ಗರಿಗರಿಯಾಗಿ ಒಣಗಿಸಿದ ಬೇವಿನ ಎಲೆ ಹಾಕಬಹುದು. ಅದು ಹುಳವನ್ನು ಹಿಮ್ಮೆಟ್ಟಿಸಬಹುದೇ ಹೊರತು ಒಳಗಿರುವುದನ್ನು ಕೊಲ್ಲುವುದಿಲ್ಲ. ಹಸಿ ಎಲೆ ಹಾಕಿದರೆ ತೇವವನ್ನು ನೀವೇ ಕೊಟ್ಟಂತೆ. ಗೋಧಿಗೆ ಹತ್ತು ಕಿಲೋಗೆ ಎರಡು ಚಮಚ, ತೊಗರಿ ಬೇಳೆಗೆ ಕಿಲೋಗೆ ಒಂದು ಸಣ್ಣ ಚಮಚ ಹರಳೆಣ್ಣೆಯನ್ನು ಅಂಗೈಯಲ್ಲಿ ಹಚ್ಚಿಕೊಂಡು ಎಲ್ಲ ಕಾಳಿಗೂ ತಾಗುವಂತೆ ಉಜ್ಜಿ. ಜೋಳಕ್ಕೆ ಎಣ್ಣೆ ಬೇಡವೆಂಬುದು ನನ್ನ ಅಭಿಪ್ರಾಯ, ರೊಟ್ಟಿಯಲ್ಲಿ ವಾಸನೆ ಉಳಿಯುತ್ತದೆ. ಹೆಸರು, ಅಲಸಂದೆಯಂಥ ಇಡಿಕಾಳನ್ನು ಮುಚ್ಚಿದ ಚೀಲದಲ್ಲಿ ಫ್ರೀಜರಿನೊಳಗೆ ಒಂದು ವಾರ ಇಟ್ಟು, ಹೊರತೆಗೆದ ಮೇಲೆ ಚೀಲ ಬಿಚ್ಚದೆಯೇ ಒಂದು ದಿನ ಬಿಟ್ಟು, ಆಮೇಲೆ ಡಬ್ಬಿಗೆ ಹಾಕಿ. ತಣ್ಣಗಿರುವಾಗಲೇ ಬಿಚ್ಚಿದರೆ ಕಾಳಿನ ಮೇಲೆ ನೀರು ಕೂರುತ್ತದೆ.

ಹಾಕಲೇಬಾರದ್ದು ಮೂರು. ಬೋರಿಕ್ ಪುಡಿ ಒಂದು. ಪೇಠೆಯ ಅಂಗಡಿಗಳಲ್ಲಿ ಧಾನ್ಯಕ್ಕೆಂದೇ ಮಾರುವ ಪಾರದ ಗುಳಿಗೆ ಎರಡನೆಯದು. ಪಾದರಸ ಅಡುಗೆಮನೆಗೆ ಬರುವ ವಸ್ತುವಲ್ಲ. ಮೂರನೆಯದು ಗೋದಾಮಿನಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ಫಾಸ್ಫೀನ್ ವಿಷಾನಿಲ ಹೊರಡುತ್ತದೆ, ಮುಚ್ಚಿದ ಫ್ಲ್ಯಾಟಿನಲ್ಲಿ ಮಲಗಿದವರ ಜೀವ ತೆಗೆಯುತ್ತದೆ. ಯಾರಾದರೂ ಊರಿನಿಂದ ತಂದ ಚೀಲದಲ್ಲಿ ಬೂದು ಪುಡಿ ಕಂಡು, ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನಂಥ ವಾಸನೆ ಬಂದರೆ ಕಿಟಕಿ ತೆರೆದು ಎಲ್ಲರೂ ಹೊರಗೆ ಹೋಗಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಬೇಕು. ಚೀಲವನ್ನು ನೀವೇ ಎತ್ತಲು ಹೋಗಬಾರದು. ತಲೆಸುತ್ತು, ವಾಂತಿ, ಉಸಿರಾಟದ ತೊಂದರೆ ಇದ್ದವರನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರತಿ ಡಬ್ಬಿಯ ಮೇಲೆ ಕಾಳು, ಊರು, ಮುಚ್ಚಿದ ತಾರೀಖು ಬರೆಯಿರಿ.

9. ಮಳೆಗಾಲದಲ್ಲಿ ನೋಡಬೇಕಾದ ಸೂಚನೆಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿದ ಡಬ್ಬಿಗಳನ್ನು ಕುತೂಹಲಕ್ಕಾಗಿ ತೆರೆಯಬೇಡಿ. ಹದಿನೈದು ದಿನಕ್ಕೊಮ್ಮೆ ಹೊರಗಿನಿಂದ ನೋಡಿ: ಮುಚ್ಚಳದ ಸಂದಿಯಲ್ಲಿ ಹುಳ ಓಡಾಡುತ್ತಿದೆಯೇ, ಒಂದು ಡಬ್ಬಿ ಮಾತ್ರ ಕೈಗೆ ಬೆಚ್ಚಗಿದೆಯೇ. ಬೆಚ್ಚಗಿದ್ದರೆ ಒಳಗೆ ಹುಳ ಅಥವಾ ಬೂಷ್ಟು ಬೆಳೆಯುತ್ತಿದೆ. ಬಳಸುತ್ತಿರುವ ಡಬ್ಬಿಯಲ್ಲಿ ಹಿಟ್ಟಿನಂಥ ಪುಡಿ, ಕಾಳುಗಳನ್ನು ಹೆಣೆದ ಜೇಡರ ಬಲೆಯಂಥ ಎಳೆ, ನೀರಿಗೆ ಹಾಕಿದಾಗ ತೇಲುವ ಕಾಳು, ಇವು ಎಚ್ಚರಿಕೆಯ ಗುರುತುಗಳು.

ಹುಳ ಮಾತ್ರ ಇದ್ದರೆ ಮನೆಯ ಹೊರಗೆ ಜರಡಿ ಹಿಡಿದು, ಮಳೆ ಬಿಡುವಿಲ್ಲದಿದ್ದರೆ ಫ್ರೀಜರಿನಲ್ಲಿ ಕಂತು ಕಂತಾಗಿ ವಾರವಿಟ್ಟು, ಮೊದಲು ಖರ್ಚುಮಾಡಿ. ಡಬ್ಬಿಯನ್ನು ತೊಳೆದು ಒಣಗಿಸದೆ ಮತ್ತೆ ತುಂಬಬೇಡಿ. ಬೂಷ್ಟಿಗೆ ಮಾತ್ರ ಕ್ಷಮೆಯಿಲ್ಲ. ಅದರ ವಿಷ ತೊಳೆದರೂ ಹುರಿದರೂ ಹೋಗುವುದಿಲ್ಲ. ಶೇಂಗಾ ಮತ್ತು ಗೋವಿನಜೋಳದಲ್ಲಿ ಅಪಾಯ ಇನ್ನೂ ಹೆಚ್ಚು. ದನಕ್ಕೂ ಹಾಕದೆ, ಪಾರಿವಾಳಕ್ಕೂ ಸುರಿಯದೆ ಗೊಬ್ಬರಕ್ಕೆ ಸೇರಿಸಿ.

10. ಗಿರಣಿಗೆ ಒಯ್ಯುವಾಗ

ಜೋಳದ ಹಿಟ್ಟು ಹತ್ತು ದಿನಕ್ಕೆ ಜಿಗಿ ಕಳೆದುಕೊಂಡು ರೊಟ್ಟಿ ಅಂಚಿನಲ್ಲಿ ಸೀಳುತ್ತದೆ, ಸಜ್ಜೆಯ ಹಿಟ್ಟು ಅದಕ್ಕೂ ಮೊದಲೇ ಕಹಿಯಾಗುತ್ತದೆ. ಒಂದು ಸಲಕ್ಕೆ ಎರಡು ಕಿಲೋಗಿಂತ ಹೆಚ್ಚು ಬೀಸಿಸಬೇಡಿ. ಗಿರಣಿಯವನಿಗೆ "ಜ್ವಾರೀವರ ಜ್ವಾರೀ" ಎಂದು ಹೇಳಿ, ಬೇರೊಬ್ಬರ ಜೋಳದ ಬೆನ್ನಿಗೇ ನಿಮ್ಮದನ್ನು ಹಾಕಿಸಿ. ಇಲ್ಲವಾದರೆ ಕಲ್ಲಿನಲ್ಲಿ ಉಳಿದ ಗೋಧಿ ಹಿಟ್ಟು ಬೆರೆಯುತ್ತದೆ. ಬಿಸಿ ಹಿಟ್ಟಿನ ಡಬ್ಬಿಯ ಮುಚ್ಚಳವನ್ನು ಮನೆಗೆ ಬಂದೊಡನೆ ತೆಗೆದು ಆರಲು ಬಿಡಿ.

11. ಮುಂದಿನ ಸಾಲಿಗೆ ಹೇಳಿಡುವುದು

ಗಣೇಶ ಹಬ್ಬ ಮುಗಿದ ವಾರ ಉಳಿದ ಡಬ್ಬಿಗಳನ್ನು ಎಣಿಸಿ, ಬಾಕಿ ತಿಂಗಳುಗಳಿಗೆ ಸಾಲುತ್ತದೆಯೇ ನೋಡಿ, ಮುಂದಿನ ವರ್ಷದ ಜೋಳ ಎಷ್ಟು ಕಿಲೋ ಬೇಕೆಂದು ರೈತನಿಗೆ ಫೋನ್ ಮಾಡಿ. ಹಿಂಗಾರಿ ಬಿತ್ತನೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಆಗುವುದರಿಂದ, ಆಗ ಹೇಳಿದರೆ ನಿಮ್ಮ ಪಾಲನ್ನು ಲೆಕ್ಕಕ್ಕೆ ಹಿಡಿದೇ ಅವನು ಬಿತ್ತುತ್ತಾನೆ. ಮಾರ್ಚಿನಲ್ಲಿ ಕೇಳಿದವರಿಗೆ, ಅಡತಿಗೆ ಹೋಗಿ ಉಳಿದದ್ದು ಸಿಗುತ್ತದೆ.